ಆಯೇರಿಯ ಲೆಕ್ಕ

ನಮ್ಮ ಮಣ್ಣೂರಿನಲ್ಲಿ ಭಜನೆ ಕೇಳಲು ಟಿಕೆಟ್ ಇರಲಿಲ್ಲ. ಮನಸ್ಸು ತುಂಬಿದವರು 10 ರೂಪಾಯಿ ಆಯೇರಿ ಕೊಡುತ್ತಿದ್ದರು, ಮೈಕಿನಲ್ಲಿ ಅವರ ಹೆಸರು ಕೂಗುತ್ತಿದ್ದರು. ಕೊಡದವರೂ ಅದೇ ಚಾಪೆಯ ಮೇಲೆ ಕೂತು ಅದೇ ಪದ ಕೇಳುತ್ತಿದ್ದರು.

ಮೊನ್ನೆ ಕಾಕಾ ಫೋನ್ ಮಾಡಿದ್ದ. "ತಮ್ಮಾ, ಕಡಕೋಳ ಮಡಿವಾಳಪ್ಪನ ಪದ ಹಾಡಿ ಮೊಬೈಲ್ದಾಗ ಹಾಕೀನಿ. ನಾಕ್ ರೊಕ್ಕ ಬರೋ ಹಂಗ ಏನರೆ ಮಾಡು." ಬೆಂಗಳೂರಿನ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆ. ಯೂಟ್ಯೂಬ್ ಮೆಂಬರ್‌ಶಿಪ್‌ ಅಂದರೆ ನೂರಕ್ಕೆ 30 ಅವರಿಗೇ. ಪೇಟ್ರಿಯಾನ್ 2025ರ ಆಗಸ್ಟ್‌ನಿಂದ ಹೊಸಬರ ಹತ್ತಿರ 10 ಹಿಡಿಯುತ್ತದೆ, ಪೇಮೆಂಟ್ ಖರ್ಚು ಬೇರೆ. ಯುಪಿಐ ಕ್ಯೂಆರ್ ಹಚ್ಚಿದರೆ ಕಡಿತವೇ ಇಲ್ಲ. ಇಷ್ಟು ಬರೀ ಗಣಿತ.

ತೊಡಕು ಬೇರೆಯೇ ಇತ್ತು. ಮೆಂಬರ್‌ಶಿಪ್ ನಡೆಯಬೇಕೆಂದರೆ ಕೆಲವು ಪದಗಳಿಗೆ ಬೀಗ ಹಾಕಬೇಕು. ತತ್ವಪದಕ್ಕೆ ಬೀಗವೇ? "ಬ್ಯಾಡ ಕಾಕಾ" ಅಂದುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ತಿಂಗಳಾದರೆ ಪಗಾರ ಎಣಿಸುವ ನಾನು, ತೊಗರಿ ಕೈಕೊಟ್ಟ ವರ್ಷ ಅವನು ಪುಕ್ಕಟೆ ಹಾಡಲಿ ಎನ್ನುವುದು ಯಾವ ತತ್ವ? ನನ್ನ ಕೋಡ್ ನಾನೇನು ಪುಕ್ಕಟೆ ಕೊಡ್ತೀನಾ?

ಮತ್ತೆ ಫೋನ್ ಮಾಡಿ ಎರಡೂ ದಾರಿ ಹೇಳಿದೆ, ಆರಿಸೋದು ನಿಂದು ಅಂದೆ. ಕ್ಯೂಆರ್ ಸಾಕೆಂದ. ಸ್ವಲ್ಪ ಸುಮ್ಮನಿದ್ದು ಕೇಳಿದ: "ಕೊಟ್ಟವರ ಹೆಸರು ಯಾರು ಕೂಗ್ತಾರ?"