ಬಿಡುವುದು, ಕೈಬಿಡುವುದು, ಬಿಡುಗಡೆ

ಚಾತುರ್ಮಾಸ್ಯವು ಬಂದಿತೆಂದರೆ ಕೆಸರೆಯ ನಮ್ಮ ಮನೆಗಳಲ್ಲಿ ಬಿಡುವ ಮಾತು ಪ್ರಾರಂಭವಾಗುವುದು. ಶಾಕ, ದಧಿ, ಕ್ಷೀರ, ದ್ವಿದಳ ಎಂದು ತಿಂಗಳಿಗೊಂದನ್ನು ಬಿಡುವ ವ್ರತಕ್ರಮವು ಸರ್ವವಿದಿತವಾದುದು. ಗಯಾಯಾತ್ರೆ ಮಾಡಿದವರು ಅಲ್ಲಿ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರುವುದುಂಟು. ಹಾಗಲಕಾಯಿಯನ್ನು ಬಿಟ್ಟು ಬಂದವರಿಗೆ ಅದು ಮೊದಲೇ ಸೇರುತ್ತಿರಲಿಲ್ಲವೆಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ!

ಹಿಡಿಯುವುದಕ್ಕೆ ವಿರುದ್ಧಪದವು ಬಿಡುವುದು ಎಂದು ಬಾಲಕನೂ ಹೇಳುವನು. ಆದರೆ ಸೆರೆಯಿಂದ ಬಿಟ್ಟನೆಂದರೆ ಸ್ತುತಿ, ಕೈಬಿಟ್ಟನೆಂದರೆ ನಿಂದೆ. ಒಂದೇ ಧಾತುವಿನಲ್ಲಿ ಇಷ್ಟು ಅಂತರವಿರುವುದು ವಿಚಾರಾರ್ಹವಲ್ಲವೇ? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ತ್ಯಾಗವನ್ನು ಮೂರು ವಿಧವಾಗಿ ವಿಂಗಡಿಸಿದ್ದಾನೆ. ನಿಯತಕರ್ಮವನ್ನು ಮೋಹದಿಂದ ಬಿಡುವುದು ತಾಮಸ, ದೇಹಕ್ಕೆ ಕ್ಲೇಶವಾದೀತೆಂಬ ಭಯದಿಂದ ಬಿಡುವುದು ರಾಜಸ, ಕರ್ಮವನ್ನು ಆಚರಿಸುತ್ತಲೇ ಸಂಗವನ್ನೂ ಫಲವನ್ನೂ ಬಿಡುವುದು ಸಾತ್ತ್ವಿಕ. ವೃದ್ಧಳಾದ ತಾಯಿಯ ಔಷಧೋಪಚಾರವನ್ನು ತಮ್ಮನ ಪಾಲಿಗೆ ಬಿಟ್ಟು, "ನಮಗೆ ಸಂಸಾರದ ಗೊಡವೆ ಬೇಡ" ಎನ್ನುತ್ತ ಪ್ರವಚನದಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳುವವರ ವೈರಾಗ್ಯವು ಇವುಗಳಲ್ಲಿ ಯಾವುದು? ನಮ್ಮ ದೃಷ್ಟಿಯಲ್ಲಿ ಅದು ಕೈಬಿಡುವುದೇ ಹೊರತು ಬಿಡುವುದಲ್ಲ. ಸಂಗವನ್ನು ಬಿಡಬೇಕಾದವನು ತಾಯಿಯನ್ನೇ ಬಿಟ್ಟನು, ಸಂಗವು ಮಾತ್ರ ಅವನನ್ನು ಬಿಡಲಿಲ್ಲ.

ನಾವು ಹಿಡಿದಿರುವುದನ್ನು ನಾವು ಬಿಡಬಲ್ಲೆವು. ನಮ್ಮನ್ನು ಹಿಡಿದಿರುವುದರಿಂದ ಬಿಡುಗಡೆಯಾಗುವ ಬಗೆ ಹೇಗೆ? ಮೋಕ್ಷ, ಮುಕ್ತಿ, ವಿಮೋಚನೆ ಎಂಬ ಶಬ್ದಗಳೆಲ್ಲವೂ ಇದನ್ನು ಕುರಿತವೇ. ಮೈಸೂರು ಸೀಮೆಯವರಿಗೆ ಕಾಕನಕೋಟೆಯ ಖೆಡ್ಡಾ ಪರಿಚಿತವಾದುದು. 1971ರಲ್ಲಿ ನಡೆದುದೇ ಕೊನೆಯದು. ಕಾಡಾನೆಗಳ ಹಿಂಡನ್ನು ಅಟ್ಟಿ ತಂದು, ದಿಮ್ಮಿಗಳ ಆವರಣದೊಳಗೆ ಕೂಡಿ, ಪಳಗಿದ ಆನೆಗಳ ನೆರವಿನಿಂದಲೇ ಹಗ್ಗ ಬಿಗಿಯುತ್ತಿದ್ದರು. ಹಗ್ಗವೇ ಇಲ್ಲವೆಂದು ತಿಳಿದ ಮಾತ್ರಕ್ಕೆ ಯಾವ ಆನೆಯೂ ಬಿಡುಗಡೆ ಹೊಂದಲಿಲ್ಲ. ಜೀವನ ಬಂಧವು ಸತ್ಯ, ಅದನ್ನು ಬಿಡಿಸುವುದು ಹರಿಪ್ರಸಾದವೊಂದೇ ಎಂದು ಶ್ರೀಮದಾಚಾರ್ಯರು ಸಾರಿದುದರ ಸ್ವಾರಸ್ಯವು ಇಲ್ಲಿ ಸ್ಪಷ್ಟವಾಗುವುದು. ಮುಕ್ತನಾದ ಮೇಲೂ ಜೀವನು ಹರಿಯ ಅಧೀನನೇ. ಬಂಧವು ಬಿಡುವುದೇ ವಿನಾ ಸ್ವಾಮಿಯು ಕೈಬಿಡುವುದಿಲ್ಲ.

ಭಾಗವತದ ಅಷ್ಟಮಸ್ಕಂಧದಲ್ಲಿ ಗಜೇಂದ್ರನು ಸಾವಿರ ವರ್ಷ ಸೆಣಸಿದನು. ನೀರು ಮೊಸಳೆಯ ಮನೆಯಾದುದರಿಂದ ಅದರ ಬಲವು ಹೆಚ್ಚಿತು, ಇವನದು ಕುಗ್ಗಿತು. ಕಡೆಗೆ ಶ್ರೀಹರಿಯು ಗರುಡನಿಂದಿಳಿದು, ಇಬ್ಬರನ್ನೂ ಒಟ್ಟಿಗೆ ಸರೋವರದಿಂದ ಮೇಲಕ್ಕೆಳೆದು, ಚಕ್ರದಿಂದ ಮೊಸಳೆಯ ಬಾಯಿಯನ್ನು ಸೀಳಿದನು. ಈ ಆಖ್ಯಾನಕ್ಕೆ ಗಜೇಂದ್ರಮೋಕ್ಷವೆಂದು ಹೆಸರು. ಆದರೆ ಅನಂತರದ ಅಧ್ಯಾಯವು ಮೊದಲು ಹೇಳುವುದು ಗಜೇಂದ್ರನ ಗತಿಯನ್ನಲ್ಲ. ಹಿಡಿದಿದ್ದ ಮೊಸಳೆಯು ದೇವಲಮುನಿಯ ಶಾಪದಿಂದ ತಾನೇ ಬದ್ಧನಾಗಿದ್ದ ಹೂಹೂ ಎಂಬ ಗಂಧರ್ವನು. ಅವನು ಸ್ವರೂಪವನ್ನು ಪಡೆದು, ಹರಿಗೆ ಪ್ರದಕ್ಷಿಣೆ ಬಂದು ನಮಸ್ಕರಿಸಿ, ತನ್ನ ಲೋಕಕ್ಕೆ ತೆರಳಿದನು. ಆ ಬಳಿಕವೇ ಗಜೇಂದ್ರನ ಸರದಿ.