ಸುಮ್ಮನಿರುವುದಕ್ಕೂ ಸಂಬಳ

ಲೇತಿಗೆ ತಾನು ಕಡೆಯುತ್ತಿರುವುದು ಪಂಪ್‌ಸೆಟ್ಟಿನ ಶಾಫ್ಟೋ ಫಿರಂಗಿಯ ಶೆಲ್ಲೋ ಗೊತ್ತಿರುವುದಿಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಂಥ ಲೇತುಗಳಿಗೆ ಹೆಸರಾಗಿತ್ತು. ಪಕ್ಕದ ದಾವಣಗೆರೆ ಹತ್ತಿ ಗಿರಣಿಗಳಿಗೆ. ಹತ್ತಿಯ ಕಥೆಯೂ ಅಷ್ಟೇ. ಬೀಜಕ್ಕೆ ಅಂಟಿಕೊಂಡ ಗಿಡ್ಡ ಎಳೆಗಳನ್ನು ಶುದ್ಧಮಾಡಿ ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಶೆಲ್ಲನ್ನು ದೂಡುವ ಮದ್ದಿಗೆ ಅದೇ ಮೂಲ. ಉಕ್ರೇನ್ ಯುದ್ಧದ ನಂತರ ಯುರೋಪು ಶೆಲ್ಲುಗಳಿಗಾಗಿ ಪರದಾಡಿದಾಗ ಕೊರತೆಬಿದ್ದ ವಸ್ತುಗಳಲ್ಲಿ ಇದೂ ಒಂದು.

ನಮ್ಮಲ್ಲೂ ಬದಲಾವಣೆ ನಡೆದಿದೆ. 2021ರ ಅಕ್ಟೋಬರ್ 1ರಂದು 41 ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳು 7 ಕಂಪನಿಗಳಾದವು. ಮದ್ದುಗುಂಡು ಪುಣೆಯ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂತು. ಖಾಸಗಿಯವರಿಗೂ ಬಾಗಿಲು ತೆರೆದಿದೆ. ಯಂತ್ರಗಳು ಹೊಸದಾಗಬೇಕು, ಮುಂದಿನ ಯುದ್ಧಕ್ಕೆ ಸಿದ್ಧರಿರಬೇಕು ಎಂಬ ಮಾತನ್ನು ನಾನು ಅಲ್ಲಗಳೆಯಲಾರೆ. ಗಡಿಯಲ್ಲಿ ನಿಂತ ನಮ್ಮೂರ ಹುಡುಗನ ಕೈಗೆ ಸಿಡಿಯದ ಗುಂಡು ಕೊಟ್ಟು ನಾನಿಲ್ಲಿ ಅಹಿಂಸೆಯ ಮಾತಾಡಿದರೆ, ಅದರ ಬೆಲೆ ತೆರುವವನು ಅವನು.

ನನ್ನ ಪ್ರಶ್ನೆ ಬೇರೆ. ಕಾರ್ಖಾನೆಗೂ ಒಂದು ಹೊಟ್ಟೆಯಿದೆ. ಕಾರ್ಖಾನೆ ಮುಚ್ಚಿದರೆ ಊರು ಏನಾಗುತ್ತದೆಂದು ಹರಿಹರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ದಾಟಿತು. ನಾಳೆ ಅಲ್ಲೊಂದು ಶೆಲ್ ಕಾರ್ಖಾನೆ ಬಂದರೆ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ನನಗೂ ಸಂತೋಷವೇ. ಆದರೆ ಎಲ್ಲೋ ಕದನವಿರಾಮವಾಯಿತೆಂಬ ಸುದ್ದಿ ಬಂದ ದಿನ ಆ ಮನೆಗಳಲ್ಲಿ ಯಾವ ಭಾವ ಮೂಡೀತು? ಅಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಶಾಂತಿಯೆಂದರೆ ಓವರ್‌ಟೈಮ್ ನಿಲ್ಲುವ ಸುದ್ದಿಯಾಗಿಬಿಡುತ್ತದೆ.

ಹರಿಹರೇಶ್ವರನ ಗುಡಿಯಲ್ಲಿ ಕಾಯುವವನೂ ಲಯಗೊಳಿಸುವವನೂ ಒಂದೇ ಮೂರ್ತಿ. 13ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಎರಡನ್ನೂ ಒಂದೇ ಮೈಯಲ್ಲಿ ಹೊತ್ತು ನಿಲ್ಲುವುದು ದೇವರಿಗೆ ಸಾಧ್ಯ. ತಿಂಗಳ ಕೊನೆಗೆ ಸಂಬಳ ಎಣಿಸುವ ಊರಿಗೆ ಕಷ್ಟ.

ಬೆಂಕಿ ಬೀಳದ ದಿನವೂ ನಾವು ಅಗ್ನಿಶಾಮಕ ದಳಕ್ಕೆ ಸಂಬಳ ಕೊಡುತ್ತೇವೆ. ಸಿಬ್ಬಂದಿ ಸುಮ್ಮನೆ ಕೂತಿದ್ದಾರೆಂದು ಯಾರೂ ದೂರುವುದಿಲ್ಲ. ಮದ್ದುಗುಂಡಿನ ಕಾರ್ಖಾನೆಗೂ ಈ ನ್ಯಾಯ ಬೇಕು. ಸಿದ್ಧವಾಗಿರುವುದಕ್ಕೇ ಸರ್ಕಾರ ಹಣ ಕೊಡಲಿ, ಶಾಂತಿಯ ದಿನಗಳಲ್ಲಿ ಅದೇ ಲೇತು ಪಂಪ್‌ಸೆಟ್ಟಿನ ಶಾಫ್ಟು ಕಡೆಯಲಿ. ಇದು ದುಬಾರಿ, ನಿಜ. ಆದರೆ ಈ ಖರ್ಚು ಉಳಿಸಹೊರಟರೆ ಕಾರ್ಖಾನೆ ಗಿರಾಕಿಗಳನ್ನು ಹುಡುಕಿಕೊಂಡು ಹೋಗಲೇಬೇಕಾಗುತ್ತದೆ. ಆ ಸರಕಿಗೆ ಗಿರಾಕಿ ಸಿಗುವುದು ಯುದ್ಧ ನಡೆಯುವ ಕಡೆ.