ಜಾಣಕಿವುಡು ಎನ್ನುವ ಮೊದಲು

ಆಷಾಢದ ಒಂದು ಸಂಜೆ. ಮೂಡಿಗೆರೆ ಕಡೆಯ ಮಳೆ ಗೊತ್ತಲ್ಲ, ಹಂಚಿನ ಮೇಲೆ ಹೊಡೆಯಲು ಶುರುವಾದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ಅವತ್ತು ಮಾತ್ರ ಸ್ವಲ್ಪ ಹೊಳವಾಗಿತ್ತು. ಆರು ವರ್ಷದ ಮಗ ಜಗಲಿಯಲ್ಲಿ ಕೂತು ಕಾಗದದ ದೋಣಿ ಮಡಚುತ್ತಿದ್ದ. ಊಟಕ್ಕೆ ಬಾರೋ ಎಂದು ಅಡುಗೆಮನೆಯಿಂದ ನಾಲ್ಕು ಸಲ ಕರೆದೆ. ತಿರುಗಲೇ ಇಲ್ಲ. ಸಿಟ್ಟು ನೆತ್ತಿಗೇರಿ, ಹೋಗಿ ಕಿವಿ ಹಿಂಡಿದೆ. ‘ಜಾಣಕಿವುಡು ನಿಂಗೆ!’ ಎಂದೆ. ಅಳದೆ ನನ್ನ ತುಟಿಗಳನ್ನೇ ನೋಡುತ್ತಾ ನಿಂತ. ಆ ನೋಟದ ಅರ್ಥ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಎಲ್ಲವೂ ಕಣ್ಣೆದುರೇ ಇತ್ತು. ಟಿವಿ ಜೋರು ಮಾಡುತ್ತಿದ್ದ, ಏನು ಹೇಳಿದರೂ ಮೊದಲು ‘ಆಂ?’ ಎನ್ನುತ್ತಿದ್ದ, ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದ. ‘ಪಾಠದ ಕಡೆ ಗಮನವಿಲ್ಲ’ ಎಂದು ಶಾಲೆಯ ಡೈರಿಯಲ್ಲಿ ಬರೆದು ಕಳಿಸಿದ್ದರು. ಅದಕ್ಕೂ ಬೈದಿದ್ದೆ.

ಯಾಕೆ ಹೀಗೆ ಮಾಡುತ್ತೇವೆ? ನಮ್ಮ ಮಾತಿನಲ್ಲೇ ಆ ತಪ್ಪು ಕೂತಿದೆ ಅನ್ನಿಸುತ್ತದೆ. ‘ಮಾತು ಕೇಳುವ ಮಗು’ ಎಂದರೆ ನಮಗೆ ಹೇಳಿದ ಹಾಗೆ ನಡೆಯುವ ಮಗು. ಕೇಳುವುದಕ್ಕೂ ಕೇಳಿಸುವುದಕ್ಕೂ ನಡುವೆ ಇರುವ ಅಂತರವನ್ನು ನಾವು ಯೋಚಿಸುವುದೇ ಇಲ್ಲ. ಮಗು ತಿರುಗಲಿಲ್ಲವೋ, ಹಟ. ಉತ್ತರ ಕೊಡಲಿಲ್ಲವೋ, ಕೊಬ್ಬು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ಅಜ್ಜಿಯಿಂದ ನನ್ನವರೆಗೂ ಎಲ್ಲರ ಬಾಯಲ್ಲಿದೆ. ಗಾದೆಯಲ್ಲಿ ನಷ್ಟ ಕಿನ್ನರಿ ಬಾರಿಸಿದವನದು. ಕೇಳಿಸದೆ ಕೂತವನ ಸಂಕಟ ಅದರಲ್ಲಿ ಎಲ್ಲಿದೆ? ಆರು ವರ್ಷದ ಮಗುವಿಗೆ ‘ನನಗೆ ಕೇಳಿಸುತ್ತಿಲ್ಲ’ ಎಂದು ಹೇಳಲೂ ಬರುವುದಿಲ್ಲ. ಕೇಳಿಸುವುದು ಅಷ್ಟೇ ಇರಬೇಕು, ಲೋಕವೇ ಹೀಗೆ ಮೆಲ್ಲಗೆ ಮಾತಾಡುತ್ತದೆ ಎಂದುಕೊಂಡಿರುತ್ತದೆ.

ಕೊನೆಗೆ ಚಿಕ್ಕಮಗಳೂರಿನಲ್ಲಿ ಕಿವಿ ವೈದ್ಯರಿಗೆ ತೋರಿಸಿದೆವು. ಬಲಗಿವಿಯಿಂದ ಅವರು ತೆಗೆದದ್ದನ್ನು ಹತ್ತಿಯ ಮೇಲೆ ಇಟ್ಟು ತೋರಿಸಿದರು. ಒಣಗಿದ ರೊಬಸ್ಟಾ ಬೀಜದಷ್ಟು ಗಾತ್ರ, ಅದೇ ಕಂದು ಬಣ್ಣ, ಒಂದು ಕಡೆ ಚಪ್ಪಟೆ. ‘ಒಳಗೆ ತಳ್ಳಿದ್ದು ಯಾರು?’ ಎಂದು ಕೇಳಿದರು. ನಾನೇ. ಪ್ರತಿ ಶನಿವಾರ ಎಣ್ಣೆ ನೀರು ಹಾಕಿದ ಮೇಲೆ ಮಗನನ್ನು ತೊಡೆಯ ಮೇಲೆ ಮಲಗಿಸಿ ಹೇರ್‌ಪಿನ್ನಿನ ಬಾಗಿದ ತುದಿಯಿಂದ ಗುಗ್ಗೆ ತೆಗೆಯುತ್ತಿದ್ದೆ. ನನ್ನ ಅಮ್ಮ ನನಗೆ ಕೋಳಿಪುಕ್ಕದಲ್ಲಿ ತೆಗೆಯುತ್ತಿದ್ದಳು. ಅದು ಪ್ರೀತಿಯ ಕೆಲಸವೆಂದೇ ನಂಬಿದ್ದೆ.

ಗುಗ್ಗೆ ಕೊಳೆಯಲ್ಲ. ಕಿವಿನಾಳದ ಹೊರಭಾಗದಲ್ಲಿ ಮಾತ್ರ ಹುಟ್ಟುತ್ತದೆ, ಧೂಳು ಹಿಡಿಯುತ್ತದೆ, ನೀರಿಗೆ ತಡೆಯಾಗುತ್ತದೆ. ನಾಳದ ಚರ್ಮ ತಾನೇ ನಿಧಾನವಾಗಿ ಹೊರಕ್ಕೆ ಸರಿಯುತ್ತಿರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆಯ ಅಲುಗಾಟವೂ ಸೇರಿ ಗುಗ್ಗೆ ತಾನಾಗಿ ಉದುರುತ್ತದೆ. ಪಿನ್ನು, ಬಡ್ಸು, ಬೆಂಕಿಕಡ್ಡಿ ಹಾಕಿದರೆ ತುದಿಗೆ ಸಿಕ್ಕಿದಷ್ಟು ಬಂದು ಮಿಕ್ಕದ್ದೆಲ್ಲ ಕಿವಿತಮಟೆಯ ಕಡೆಗೆ ಗಿಡಿಯುತ್ತದೆ.

ಎಡಗಿವಿಯಲ್ಲಿ ಗುಗ್ಗೆ ಇರಲಿಲ್ಲ, ತಮಟೆಯ ಹಿಂದೆ ನೀರು ತುಂಬಿತ್ತು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡಡ್ಡ. ನೆಗಡಿ ಆದಾಗ ಅದು ಕಟ್ಟಿಕೊಂಡು ಒಳಗೆ ದ್ರವ ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ, ಮಾತು ಮಾತ್ರ ಮಂದವಾಗಿ ಕೇಳಿಸುತ್ತದೆ. ಮೂರು ತಿಂಗಳಲ್ಲಿ ಹೆಚ್ಚಿನ ಮಕ್ಕಳಿಗೆ ತಾನೇ ಇಳಿಯುತ್ತದೆ, ಆಮೇಲೆ ಮತ್ತೆ ತೋರಿಸಿ ಎಂದರು ವೈದ್ಯರು. ನಮ್ಮ ಮಳೆಗಾಲದಲ್ಲಿ ಮಕ್ಕಳಿಗೆ ನೆಗಡಿ ಬಿಟ್ಟಿದ್ದುಂಟೇ!

ಹಾಗಾಗಿ ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಇಷ್ಟು. ಕಿವಿಯ ಹೊರಗನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಒಳಗೆ ಏನನ್ನೂ ಹಾಕದಿರುವುದು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೇಡವೇ ಬೇಡ. ಸೋರುವ ಕಿವಿಗೆ, ತೂತಾದ ತಮಟೆಗೆ ಅದು ಅಪಾಯ. ಕಾಳುಮೆಣಸೋ ಬಟಾಣಿಯೋ ಕಿವಿಗೆ ಸೇರಿದರೆ ನೀರು ಬಿಡಬಾರದು, ಊದಿಕೊಳ್ಳುತ್ತದೆ. ಬಟನ್ ಬ್ಯಾಟರಿಯಾದರೆ ಆ ಕ್ಷಣವೇ ಆಸ್ಪತ್ರೆಗೆ. ಕರೆಯುವಾಗ ಹತ್ತಿರ ಹೋಗಿ ಮುಖ ನೋಡಿ ಕರೆಯಬೇಕು. ಕಿವಿ ಹಿಂಡುವ ಕೈ ಮಡಚಿಕೊಳ್ಳಬೇಕು. ಇದೊಂದೇ ನನಗೆ ಇನ್ನೂ ಕಷ್ಟ.

ಕೂಸು ಜೋರು ಸದ್ದಿಗೂ ಬೆಚ್ಚದಿದ್ದರೆ, ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎಂದು ಕೂರುತ್ತೀರಲ್ಲ, ಕೂರಬೇಡಿ. ಹುಟ್ಟುಕಿವುಡಿದ್ದರೆ ಮೂರು ತಿಂಗಳೊಳಗೆ ಪತ್ತೆಯಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಮಾತು ಹುಟ್ಟುವುದೇ ಕಿವಿಯಿಂದ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಸಲ, ಶಾಲೆಯಲ್ಲಿ ಒಂದು ಸಲ ಆಗಬೇಕು; ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ಇನ್ನೂ ಆಳವಾದ ಪರೀಕ್ಷೆ ಬೇಕಾದರೆ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಕಳಸದ ಮೂಲೆಯಿಂದ ಅದು ದೂರ, ಒಪ್ಪುತ್ತೇನೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಡುವುದು ಎಷ್ಟು ಕಷ್ಟವೆಂದೂ ಗೊತ್ತು. ಆದರೂ ಹೋಗಿ.

ಅವತ್ತು ಚಿಕ್ಕಮಗಳೂರಿನ ವೈದ್ಯರಲ್ಲಿಂದ ವಾಪಸು ಬರುವಾಗ ಕಾರು ಮೂಡಿಗೆರೆ ಪೇಟೆಯಲ್ಲಿ ತಿರುಗುತ್ತಿತ್ತು. ಹಿಂದಿನ ಸೀಟಿನಿಂದ ಮಗ ಕೇಳಿದ, ‘ಅಮ್ಮಾ, ಅದೇನು ಟಿಕ್ ಟಿಕ್ ಅಂತಿರೋದು?’ ಇಂಡಿಕೇಟರು. ಅದೇ ಕಾರಿನಲ್ಲಿ ವರ್ಷದಿಂದ ಓಡಾಡುತ್ತಿದ್ದ.

ಕಳೆದ ಶನಿವಾರ ಬಚ್ಚಲಲ್ಲಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದೆ. ಅಭ್ಯಾಸಬಲದಿಂದ ಎಣ್ಣೆಯ ಬೆರಳು ಕಿವಿಯ ಕಡೆ ಹೋಯಿತು. ಅವನೇ ನನ್ನ ಮಣಿಕಟ್ಟು ಹಿಡಿದ. ‘ಕಿವಿಗೆ ಬೇಡ ಅಂದಿದ್ರಲ್ಲಮ್ಮಾ ಡಾಕ್ಟ್ರು.’ ಮೆಲ್ಲಗೇ ಹೇಳಿದ. ಬೆರಳಿನ ಎಣ್ಣೆಯನ್ನು ಅವನ ಕೂದಲಿಗೇ ಒರೆಸಿ, ಹಂಡೆಯಿಂದ ನೀರು ತೋಡಿದೆ.